ಕಂದಕದಿಂದ ಬಂದ ಕೋಟು

ಕಾರ್ತಿಕದ ಒಂದು ಸಂಜೆ ಅಲ್ಲಾಳಸಂದ್ರದ ಬಸ್ ನಿಲ್ದಾಣದಲ್ಲಿ ಮಳೆಗೆ ಸಿಕ್ಕಿ ನಿಂತಿದ್ದೆ. ಬಳ್ಳಾರಿ ರಸ್ತೆಯ ಮೇಲೆ ವಿಮಾನ ನಿಲ್ದಾಣದ ಕಡೆಗೆ ಹೋಗುವ ಕಾರುಗಳು ನೀರೆರಚುತ್ತ ಓಡುತ್ತಿದ್ದವು. ಸೂರಿನಡಿ ನಮ್ಮೊಡನೆ ಮೂವರು ಹೆಂಗಸರಿದ್ದರು. ಒಬ್ಬಳು ಹೂ ಮಾರುವವಳು. ಗೊಬ್ಬರದ ಪ್ಲಾಸ್ಟಿಕ್ ಚೀಲದ ಒಂದು ಮೂಲೆಯನ್ನು ಇನ್ನೊಂದು ಮೂಲೆಗೆ ತುರುಕಿ ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡಿದ್ದಳು. ಇನ್ನೊಬ್ಬರು ನಮ್ಮ ಬೀದಿಯವರೇ. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂರುವವರು. ಅವರಿಗೆ ಸೀರೆಯ ಸೆರಗೇ ಮಳೆಯ ಮರೆ. ಮೂರನೆಯವಳು ಕಾಲೇಜಿನ ಹುಡುಗಿ. ಮಂಡಿಯವರೆಗೆ ಇಳಿದ, ಮರಳಿನ ಬಣ್ಣದ, ಎರಡು ಸಾಲು ಗುಂಡಿಯ, ಸೊಂಟಕ್ಕೆ ಪಟ್ಟಿ ಬಿಗಿದ ಕೋಟೊಂದನ್ನು ತೊಟ್ಟು, ಎರಡೂ ಕೈಗಳನ್ನು ಜೇಬಿನಲ್ಲಿಟ್ಟುಕೊಂಡು ನಿಂತಿದ್ದಳು. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಓದಿ ಬೆಳೆದ ನಮ್ಮಂಥವರ ಕಣ್ಣಿಗೆ ಅದು ಪತ್ತೇದಾರನ ಕೋಟು. ಅದನ್ನು ತೊಟ್ಟವರು ಇನ್ನೇನು ಒಂದು ಕೊಲೆಯ ಸುಳಿವನ್ನು ಹಿಡಿಯಲಿದ್ದಾರೆ ಎಂದೇ ಅನಿಸುತ್ತದೆ. ಹುಡುಗಿಯನ್ನು ಕೇಳಿದರೆ ‘ಟ್ರೆಂಚ್ ಕೋಟು’ ಎಂದಳು.

ಟ್ರೆಂಚ್ ಎಂದರೆ ಕಂದಕ. ಯುದ್ಧದ ಕಂದಕದಿಂದ ಎದ್ದುಬಂದ ಉಡುಪು ಅಲ್ಲಾಳಸಂದ್ರದ ಬಸ್ ನಿಲ್ದಾಣಕ್ಕೆ ಹೇಗೆ ಬಂದಿತು, ಅದೂ ಒಬ್ಬ ಹೆಣ್ಣುಮಗಳ ಮೈಮೇಲೆ, ಎಂಬುದೇ ಈ ಬರಹದ ವಿಷಯ. ಮಳೆಗೂ ನಮ್ಮ ಊರಿಗೂ ಹಳೆಯ ನಂಟು. ‘ಸಂದ್ರ’ ಎಂದು ಕೊನೆಗೊಳ್ಳುವ ಬೆಂಗಳೂರಿನ ಊರುಗಳೆಲ್ಲ ಒಂದು ಕಾಲಕ್ಕೆ ‘ಸಮುದ್ರ’ಗಳು, ಅಂದರೆ ಕೆರೆಗಳು. ಅಲ್ಲಾಳಸಂದ್ರಕ್ಕೂ ತನ್ನದೇ ಕೆರೆಯುಂಟು. 2021ರ ನವೆಂಬರಿನಲ್ಲಿ ಪಕ್ಕದ ಯಲಹಂಕದ ಕೆರೆ ಕೋಡಿ ಹರಿದು, ವಸತಿ ಸಮುಚ್ಚಯವೊಂದರ ಜನರನ್ನು ದೋಣಿಯಲ್ಲಿ ಹೊರತರಬೇಕಾಗಿ ಬಂದಾಗ, ಸಮುದ್ರವೆಂಬ ಹೆಸರನ್ನು ನಮ್ಮ ಹಿರಿಯರು ಸುಮ್ಮನೆ ಇಟ್ಟಿರಲಿಲ್ಲವೆಂಬುದು ಎಲ್ಲರಿಗೂ ಮನವರಿಕೆಯಾಯಿತು.

ಮಳೆಗೆ ನೆನೆಯದ ಬಟ್ಟೆಯನ್ನು ಮಾಡುವುದು ಕೇಳಿದಷ್ಟು ಸುಲಭವಲ್ಲ. 1823ರಲ್ಲಿ ಸ್ಕಾಟ್ಲೆಂಡಿನ ಚಾರ್ಲ್ಸ್ ಮ್ಯಾಕಿಂಟಾಷ್ ಎಂಬಾತ ಎರಡು ಬಟ್ಟೆಗಳ ನಡುವೆ ಕರಗಿದ ರಬ್ಬರನ್ನು ಬಳಿದು ಅಂಟಿಸುವ ವಿಧಾನಕ್ಕೆ ಹಕ್ಕುಪತ್ರ ಪಡೆದ. ನೀರೇನೋ ಒಳಗೆ ಬರಲಿಲ್ಲ; ಆದರೆ ಬೆವರು ಹೊರಗೆ ಹೋಗಲೂ ಇಲ್ಲ. ಚಳಿಗೆ ಹಲಗೆಯಂತೆ ಸೆಟೆಯುವುದು, ಸೆಕೆಗೆ ಅಂಟುವುದು, ಸಾಲದ್ದಕ್ಕೆ ನಾರುವುದು. ರಬ್ಬರನ್ನು ಗಂಧಕದೊಡನೆ ಕಾಯಿಸಿ ಹದಗೊಳಿಸುವ ವಿದ್ಯೆ 1840ರ ದಶಕದಲ್ಲಿ ಬಂದ ಮೇಲೆ ಅಂಟು ಕಡಿಮೆಯಾಯಿತೇ ಹೊರತು ಬೆವರಿನ ಕಾಟ ತಪ್ಪಲಿಲ್ಲ. ಆ ಪುಣ್ಯಾತ್ಮನ ಹೆಸರು ನಮ್ಮ ನಾಡಿನಲ್ಲಿ ಇಂದಿಗೂ ಉಳಿದಿರುವುದು ಕೋಟಿನಲ್ಲಿ ಅಲ್ಲ, ಆಸ್ಪತ್ರೆಯಲ್ಲಿ. ಹಾಸಿಗೆ ಕೆಡದಿರಲೆಂದು ರೋಗಿಯ ಕೆಳಗೆ ಹಾಸುವ ರಬ್ಬರ್ ಹಾಳೆಯನ್ನು ದಾದಿಯರು ‘ಮ್ಯಾಕಿಂಟಾಷ್’ ಎಂದೇ ಕರೆಯುತ್ತಾರೆ. ಹೆರಿಗೆಯಾದ ತಾಯಂದಿರಿಗೆ ಅದರ ಪರಿಚಯ ಚೆನ್ನಾಗಿರುತ್ತದೆ.

ಇದಕ್ಕೆ ಬೇರೊಂದು ಉಪಾಯವನ್ನು ಕಂಡವನು ಥಾಮಸ್ ಬರ್ಬೆರಿ. ಇಂಗ್ಲೆಂಡಿನ ಬೇಸಿಂಗ್‌ಸ್ಟೋಕ್ ಎಂಬ ಊರಿನಲ್ಲಿ 1856ರಲ್ಲಿ ಬಟ್ಟೆಯಂಗಡಿ ತೆರೆದವನು. ಅಲ್ಲಿನ ಕುರುಬರು ತೊಡುತ್ತಿದ್ದ ನಿಲುವಂಗಿಗಳು ಮಳೆಗೆ ಅಷ್ಟಾಗಿ ನೆನೆಯದಿರುವುದನ್ನು ಆತ ಗಮನಿಸಿದನೆಂದೂ, ಕುರಿಯ ಮೈಯ ಜಿಡ್ಡು ಬಟ್ಟೆಗೆ ಹತ್ತಿ ನೀರನ್ನು ದೂಡುತ್ತದೆಂಬ ಗುಟ್ಟು ಅವನಿಗೆ ಹೊಳೆಯಿತೆಂದೂ ಒಂದು ಕತೆಯುಂಟು. ಕತೆ ಎಷ್ಟು ನಿಜವೋ, 1879ರಲ್ಲಿ ಅವನು ರೂಪಿಸಿ 1888ರಲ್ಲಿ ಹಕ್ಕುಪತ್ರ ಪಡೆದ ‘ಗ್ಯಾಬರ್ಡಿನ್’ ಬಟ್ಟೆಯಂತೂ ನಿಜ. ನೇಯ್ದ ಮೇಲೆ ಏನನ್ನೋ ಬಳಿಯುವ ಬದಲು, ನೇಯುವುದಕ್ಕೆ ಮೊದಲೇ ನೂಲನ್ನು ನೀರು ಹತ್ತದಂತೆ ಹದಮಾಡಿ, ಆಮೇಲೆ ಓರೆ ಗೆರೆ ಬರುವಂತೆ ಒತ್ತೊತ್ತಾಗಿ ನೇಯುವುದು ಅವನ ವಿಧಾನ. ಹನಿ ಮೇಲೆಯೇ ಜಾರುತ್ತದೆ, ಮೈಯ ಆವಿ ಸಣ್ಣ ಸಂದುಗಳಿಂದ ಹೊರಗೆ ಹೋಗುತ್ತದೆ. ಗ್ಯಾಬರ್ಡಿನ್ ಪ್ಯಾಂಟು ಹೊಲಿಸಿಕೊಂಡು ಮದುವೆಗೆ ನಿಂತ ನಮ್ಮ ಊರುಗಳ ಹಿರಿಯ ವರಮಹಾಶಯರು ಅದರ ಮೂಲ ಮಳೆಯೆಂಬುದನ್ನು ಬಲ್ಲರೋ ಇಲ್ಲವೋ.

ಕುರಿಯ ಜಿಡ್ಡಿನ ಈ ಕತೆಯನ್ನು ಓದಿದಾಗ ನನಗೆ ನಮ್ಮ ಕಂಬಳಿಯ ನೆನಪಾಗದೆ ಇರಲಿಲ್ಲ. ಬರ್ಬೆರಿ ಹಕ್ಕುಪತ್ರ ಪಡೆಯುವುದಕ್ಕೆ ಎಷ್ಟೋ ತಲೆಮಾರುಗಳ ಮೊದಲೇ ನಮ್ಮ ಕುರುಬರು ಈ ವಿದ್ಯೆಯನ್ನು ಬಲ್ಲರು. ದಖ್ಖನಿ ಕುರಿಯ ಒರಟು ಉಣ್ಣೆ. ನೂಲುವವರು ಹೆಚ್ಚಾಗಿ ಹೆಂಗಸರು, ಕುಣಿಮಗ್ಗದಲ್ಲಿ ನೇಯುವವರು ಗಂಡಸರು. ಹುಣಸೆ ಬೀಜವನ್ನು ಅರೆದು ಬೇಯಿಸಿದ ಗಂಜಿಯನ್ನು ಹಾಸಿಗೆ ಹಚ್ಚಿ ಬಿಗಿ ಮಾಡುತ್ತಾರೆ. ಚಳ್ಳಕೆರೆಯ ಸೀಮೆಯ ಕಂಬಳಿಯನ್ನು ಮಡಿಸಿ ಕೊಪ್ಪೆಯಾಗಿ ಹಾಕಿಕೊಂಡವನು ಇಡೀ ದಿನ ಜಡಿಮಳೆಯಲ್ಲಿ ದನ ಕಾಯಬಲ್ಲ. ಕಂಬಳಿ ನೀರು ಕುಡಿದು ಭಾರವಾಗುತ್ತದೆ, ನಿಜ. ಆದರೆ ಒಳಗೆ ಬೆಚ್ಚಗೆ. ಗ್ಯಾಬರ್ಡಿನ್‌ಗೂ ಕಂಬಳಿಗೂ ತತ್ತ್ವದಲ್ಲಿ ಹೇಳುವಂಥ ಭೇದವಿಲ್ಲ. ಭೇದವಿರುವುದು ಕತ್ತರಿಯಲ್ಲಿ. ಕಂಬಳಿಗೆ ತೋಳಿಲ್ಲ, ಗುಂಡಿಯಿಲ್ಲ. ಅದನ್ನು ಹಿಡಿದುಕೊಳ್ಳಲು ಒಂದು ಕೈ ಬೇಕು. ಒಂದು ಕೈ ಖಾಲಿಯಿರುವುದು ಗಂಡಸಿಗೆ ಸಾಧ್ಯ. ನಾಟಿ ಮಾಡುವ ಹೆಂಗಸಿಗೆ ಅದು ಆಗದ ಮಾತು.

ಆದುದರಿಂದಲೇ ಮಲೆನಾಡಿನಲ್ಲಿ ಕಂಬಳಿ ಕೊಪ್ಪೆ ಗಂಡಸಿಗೆ, ಗೊರಬು ಹೆಂಗಸಿಗೆ ಎಂಬ ಏರ್ಪಾಟಾಯಿತು. ಬಿದಿರಿನ ಸೀಳುಗಳ ನಡುವೆ ಎಲೆ ಹಾಸಿ ಕಟ್ಟಿದ, ಅರ್ಧ ದೋಣಿಯನ್ನು ಬೋರಲು ಹಾಕಿದಂಥ ವಸ್ತು ಗೊರಬು. ತಲೆಯಿಂದ ಸೊಂಟದವರೆಗೆ ಬೆನ್ನನ್ನು ಮುಚ್ಚುತ್ತದೆ. ಬಗ್ಗಿ ಸಸಿ ನೆಡುವಾಗ ಎರಡೂ ಕೈ ಬಿಡುವು. ನೆಟ್ಟಗೆ ನಿಂತರೆ ಮಾತ್ರ ಅದು ಅಷ್ಟು ಹಿತವಲ್ಲ, ಏಕೆಂದರೆ ಅದು ಬಗ್ಗಿದ ಬೆನ್ನಿಗೆಂದೇ ಮಾಡಿದ್ದು. ಹೆಂಗಸಿಗಾಗಿಯೇ ಯೋಚಿಸಿ ಮಾಡಿದ ಮಳೆಯ ಉಡುಪು ನಮ್ಮಲ್ಲಿ ಬೇರಾವುದಿತ್ತು ಎಂದು ಹುಡುಕಿದರೆ ನನಗೆ ಇನ್ನೊಂದು ಸಿಕ್ಕಲಿಲ್ಲ. ಬಯಲುಸೀಮೆಯಲ್ಲಂತೂ ಗೊರಬೂ ಇಲ್ಲ. ರಾಗಿಯ ಗೋಣಿಚೀಲವೇ ಕೊಪ್ಪೆ. ಯಲಹಂಕದ ಸುತ್ತಿನ ಹಳ್ಳಿಗಳ ಹೆಂಗಸರು ಹಾಗೆಯೇ ಹೊಲಕ್ಕೆ ಹೋದರು, ಸಂತೆಗೆ ಹೋದರು. ಗೋಣಿ ಹೋಗಿ ಪ್ಲಾಸ್ಟಿಕ್ ಬಂದಿತು, ಕೊಪ್ಪೆ ಉಳಿಯಿತು.

ಇನ್ನು ಕಂದಕದ ಕತೆಗೆ ಬರೋಣ. 1912ರಲ್ಲಿ ಬರ್ಬೆರಿಯ ಸಂಸ್ಥೆ ಗುಂಡಿಯ ಬದಲು ಪಟ್ಟಿಯಿಂದ ಕಟ್ಟಿಕೊಳ್ಳುವ ‘ಟೈಲಾಕನ್’ ಎಂಬ ಕೋಟಿಗೆ ಹಕ್ಕುಪತ್ರ ಪಡೆದಿತ್ತು. ಎರಡು ವರ್ಷದಲ್ಲಿ ಮೊದಲನೆಯ ಮಹಾಯುದ್ಧ ಬಂದಿತು. ಫ್ರಾನ್ಸಿನ ಕೆಸರು ಕಂದಕಗಳಲ್ಲಿ ಉಣ್ಣೆಯ ಭಾರದ ಕೋಟು ನೆನೆದು ಮಣಭಾರವಾಗುತ್ತಿತ್ತು. ಹಗುರವಾದ ಗ್ಯಾಬರ್ಡಿನ್ ಕೋಟನ್ನು ಬ್ರಿಟಿಷ್ ಅಧಿಕಾರಿಗಳು ತಮ್ಮ ಹಣದಿಂದ ಕೊಂಡು ತೊಟ್ಟರು. ಅಧಿಕಾರಿಗಳು ಎಂಬ ಮಾತನ್ನು ಗಮನಿಸಬೇಕು. ಸಾಮಾನ್ಯ ಸಿಪಾಯಿಗೆ ಸರ್ಕಾರ ಕೊಟ್ಟದ್ದು ಆ ಉಣ್ಣೆಯ ಭಾರದ ಕೋಟನ್ನೇ. 1914ರ ಶರತ್ಕಾಲದಲ್ಲಿ ಫ್ರಾನ್ಸಿಗೆ ಇಳಿದ ಭಾರತದ ಸಿಪಾಯಿಗಳಲ್ಲಿ ಬಹಳ ಮಂದಿಗೆ ಅದೂ ಇರಲಿಲ್ಲ. ನಮ್ಮ ಬಿಸಿಲಿಗೆ ಹೊಲಿದ ತೆಳು ಖಾಕಿಯಲ್ಲೇ ಅವರು ಯೂರೋಪಿನ ಚಳಿಗೆ ಎದೆಯೊಡ್ಡಿದರು. ಬೆಚ್ಚನೆಯ ಉಡುಪು ತಡವಾಗಿ ಬಂದಿತು.

ಆ ಕಂದಕಗಳಲ್ಲಿ ನಮ್ಮ ಬೆಂಗಳೂರಿನ ಹೆಸರೂ ಇತ್ತೆಂದರೆ ಓದುಗರು ಹುಬ್ಬೇರಿಸಬಹುದು. ಅದು ಬಟ್ಟೆಯಿಂದ ಬಂದ ಹೆಸರಲ್ಲ, ಸಿಡಿಮದ್ದಿನಿಂದ ಬಂದದ್ದು. ಶತ್ರುವಿನ ಮುಳ್ಳುತಂತಿ ಬೇಲಿಯನ್ನು ದೂರದಿಂದಲೇ ಒಡೆಯಲು ಉದ್ದ ಕೊಳವೆಯಲ್ಲಿ ಮದ್ದು ತುಂಬಿ ತಳ್ಳುವ ಸಾಧನವೊಂದನ್ನು 1912ರಲ್ಲಿ ಇಲ್ಲಿನ ಮದ್ರಾಸ್ ಸ್ಯಾಪರ್ಸ್ ಪಡೆಯ ಕ್ಯಾಪ್ಟನ್ ಮೆಕ್ಲಿಂಟಾಕ್ ರೂಪಿಸಿದ. ‘ಬ್ಯಾಂಗಲೂರ್ ಟಾರ್ಪಿಡೊ’ ಎಂದು ಜಗತ್ತಿನ ಸೈನ್ಯಗಳೆಲ್ಲ ಅದನ್ನು ಕರೆದವು. ಬಟ್ಟೆಯ ಲೆಕ್ಕದಲ್ಲೂ ನಮ್ಮ ಊರು ಹಿಂದೆ ಬೀಳಲಿಲ್ಲ. 1884ರಲ್ಲಿ ಆರಂಭವಾಗಿ ಮುಂದೆ ಬಿನ್ನಿ ಗಿರಣಿಯೆಂದು ಹೆಸರಾದ ಬೆಂಗಳೂರು ಉಣ್ಣೆ, ಹತ್ತಿ ಮತ್ತು ರೇಷ್ಮೆ ಗಿರಣಿ ಸೈನ್ಯಕ್ಕೆ ಬಟ್ಟೆ ನೇಯ್ದು ಕೊಟ್ಟಿತು. ಅಂದಹಾಗೆ, ಬೆಂಗಳೂರಿನಲ್ಲಿ ಇದುವರೆಗೆ ದಾಖಲಾದ ಅತಿ ಹೆಚ್ಚಿನ ಚಳಿ, 7.8 ಡಿಗ್ರಿ ಸೆಲ್ಸಿಯಸ್, ಬಿದ್ದದ್ದೂ ಅದೇ 1884ರ ಜನವರಿ 13ರಂದು. ಗಿರಣಿಯವರಿಗೆ ಶುಭಶಕುನವಾಗಿರಬೇಕು! ಗಿರಣಿ ಈಗ ಮುಚ್ಚಿಹೋಗಿದೆ.

ಕೋಟಿನ ಒಂದೊಂದು ಅಂಗವೂ ಸೈನ್ಯದ ಗುರುತನ್ನು ಹೊತ್ತಿದೆ. ಹೆಗಲ ಮೇಲಿನ ಪಟ್ಟಿ ಅಧಿಕಾರಿಯ ದರ್ಜೆಯ ಚಿಹ್ನೆಗೆ. ಬೆನ್ನ ಮೇಲೆ ಸಣ್ಣ ಮಾಡಿನಂತೆ ಇಳಿಬಿಟ್ಟ ಇನ್ನೊಂದು ಪದರ, ನೀರು ಬೆನ್ನಿಗಿಳಿಯದೆ ಹೊರಗೆ ಜಾರಲು. ನಮ್ಮ ಹೆಂಚಿನ ಮನೆಯ ಸೂರೇ ಅದು. ಎದೆಯ ಒಂದು ಪಕ್ಕದ ಮಡಿಕೆ, ಗುಂಡಿ ಹಾಕಿದ ಮೇಲೆ ಸಂದಿಯಲ್ಲಿ ನೀರು ನುಗ್ಗದಿರಲು. ಮುಂಗೈಯ ಪಟ್ಟಿ, ಗಾಳಿ ತೋಳಿನೊಳಗೆ ಹೋಗದಿರಲು. ಹಿಂದಿನ ಸೀಳು, ಕುದುರೆ ಏರಲು ಮತ್ತು ದಾಪುಗಾಲು ಹಾಕಲು. ಸೊಂಟದ ಪಟ್ಟಿಯಲ್ಲಿ ಅರ್ಧಚಂದ್ರದ ಲೋಹದ ಬಳೆಗಳಿರುತ್ತವಷ್ಟೆ, ಅವು ಕೈಬಾಂಬು ತೂಗುಹಾಕಲು ಎಂದು ಅಂಗಡಿಯವರು ಕತೆ ಹೇಳುವುದುಂಟು. ಸಿಡಿಯುವ ವಸ್ತುವನ್ನು ಸೊಂಟಕ್ಕೆ ತೂಗುಹಾಕಿಕೊಂಡು ಕೆಸರಿನಲ್ಲಿ ತೆವಳುವ ಧೀರರು ಎಷ್ಟು ಮಂದಿಯೋ ನಾನರಿಯೆ. ನಕ್ಷೆಯ ಚೀಲದಂಥ ವಸ್ತುಗಳಿಗೆ ಎಂದರೆ ನಂಬಬಹುದು.

ಯುದ್ಧ ಮುಗಿದ ಮೇಲೆ ಕೋಟು ಮನೆಗೆ ಬಂದಿತು. ಯುದ್ಧಕಾಲದಲ್ಲಿ ಆಂಬುಲೆನ್ಸ್ ಓಡಿಸಿದ, ಕಾರ್ಖಾನೆಗಳಲ್ಲಿ ದುಡಿದ ಪಶ್ಚಿಮದ ಹೆಂಗಸರು ಗಂಡಸಿನ ಕೆಲಸದೊಡನೆ ಗಂಡಸಿನ ಉಡುಪಿನ ರುಚಿಯನ್ನೂ ಕಂಡಿದ್ದರು. ಚಲಚ್ಚಿತ್ರ ಉಳಿದ ಕೆಲಸವನ್ನು ಮಾಡಿತು. 1928ರ ‘ಎ ವುಮನ್ ಆಫ್ ಅಫೇರ್ಸ್’ ಚಿತ್ರದಲ್ಲಿ ಗ್ರೀಟಾ ಗಾರ್ಬೊ ಈ ಕೋಟು ತೊಟ್ಟು ಬಂದಳು. 1961ರ ‘ಬ್ರೇಕ್‌ಫಾಸ್ಟ್ ಅಟ್ ಟಿಫನೀಸ್’ ಚಿತ್ರದಲ್ಲಿ ಆಡ್ರೆ ಹೆಪ್‌ಬರ್ನ್ ಇದೇ ಕೋಟಿನಲ್ಲಿ ಮಳೆಯಲ್ಲಿ ನೆನೆಯುತ್ತ ಬೆಕ್ಕನ್ನು ಹುಡುಕಿದಳು. 1963ರಲ್ಲಿ ಲಂಡನ್ನಿನ ಮೇರಿ ಕ್ವಾಂಟ್ ಹೊಳೆಯುವ ಪ್ಲಾಸ್ಟಿಕ್‌ನಿಂದ ಹೆಂಗಸರ ಮಳೆಯುಡುಪುಗಳನ್ನು ಮಾಡಿ ಹುಡುಗಿಯರಿಗೆ ಹುಚ್ಚು ಹಿಡಿಸಿದಳು. ಆದರೆ ಮರಳುಬಣ್ಣದ ಹಳೆಯ ಕೋಟು ಮಾತ್ರ ಅಲ್ಲಾಡಲಿಲ್ಲ. ಎದೆಯ ಮಡಿಕೆ ಮತ್ತು ಗುಂಡಿಗಳ ಪಕ್ಕ ಬದಲಾಯಿತು. ಗಂಡಸರದು ಎಡಭಾಗ ಮೇಲೆ, ಹೆಂಗಸರದು ಬಲಭಾಗ ಮೇಲೆ. ಸೊಂಟ ತುಸು ಸಣ್ಣಗಾಯಿತು. ಜೇಬುಗಳು ಹಾಗೆಯೇ ಉಳಿದವು.

ಜೇಬಿನ ವಿಷಯ ಸಣ್ಣದಲ್ಲ. ಹೆಂಗಸರ ಉಡುಪಿಗೆ ಜೇಬಿಡುವುದೆಂದರೆ ಜಗತ್ತಿನ ದರ್ಜಿಗಳಿಗೆಲ್ಲ ಏನೋ ಹಿಂಜರಿಕೆ. ಇಟ್ಟರೂ ಒಂದು ನಾಣ್ಯ ಹಿಡಿಸುವಷ್ಟು, ಇಲ್ಲವೆ ಬರಿಯ ಬಾಯಿ ಹೊಲಿದು ಜೇಬಿನ ಸೋಗು. ಈ ಕೋಟು ಅಧಿಕಾರಿಯ ಮೈಯಿಂದ ಬಂದದ್ದರಿಂದ ಮೊಳಕೈ ಇಳಿಯುವಂಥ ಜೇಬುಗಳು ಪುಕ್ಕಟೆಯಾಗಿ ಬಂದವು. ಆ ಸಂಜೆಯ ಹುಡುಗಿ ಎರಡೂ ಕೈಯನ್ನು ಜೇಬಿನಲ್ಲಿಟ್ಟು ನಿಂತ ನಿಲುವಿನಲ್ಲಿ ಒಂದು ನೆಮ್ಮದಿಯಿತ್ತು. ಸೊಂಟಕ್ಕೆ ಚೀಲ ಸಿಕ್ಕಿಸಿ ಅಥವಾ ರವಿಕೆಯೊಳಗೆ ದುಡ್ಡಿಟ್ಟು ಬಾಳಿದ ನಮ್ಮ ತಾಯಂದಿರು ಹಾಗೆ ನಿಂತದ್ದನ್ನು ನಾನು ಕಂಡಿಲ್ಲ.

ನಮ್ಮಲ್ಲಿ ಕೋಟು ಬಹುಕಾಲ ಗಂಡಸಿನದೇ ಸ್ವತ್ತು. ಕಚ್ಚೆಪಂಚೆಯ ಮೇಲೆ ಮುಚ್ಚುಗಂಟಲಿನ ಕೋಟು, ತಲೆಗೆ ಪೇಟ, ಇದು ಮೈಸೂರು ಸೀಮೆಯ ಮರ್ಯಾದಸ್ಥರ ವೇಷ. ಕೋಟು ತೊಟ್ಟ ಹೆಂಗಸೆಂದರೆ ಬಿಳಿಯದಾದರೆ ಡಾಕ್ಟರು, ಕರಿಯದಾದರೆ ವಕೀಲೆ. ಉಳಿದವರಿಗೆ ಸೀರೆಯ ಮೇಲೆ ಸ್ವೆಟರು, ಮೇಲೆ ಶಾಲು. ಮಳೆಗೆ ಕೊಡೆ. 1920ರಲ್ಲಿ ಕಲ್ಕತ್ತೆಯಲ್ಲಿ ಸುರೇಂದ್ರಮೋಹನ ಬೋಸರು ಆರಂಭಿಸಿದ ಬಂಗಾಳ ವಾಟರ್‌ಪ್ರೂಫ್ ಸಂಸ್ಥೆಯ ‘ಡಕ್‌ಬ್ಯಾಕ್’ ಮಳೆಕೋಟು ಶಾಲೆಯ ಮಕ್ಕಳ ಮೈಗೆ ಬಂದಿತು; ಹುಡುಗಿಯರೂ ತೊಟ್ಟರು. ಆದರೆ ಹುಡುಗಿ ಸೀರೆಗೆ ಬಂದೊಡನೆ ಮಳೆಕೋಟು ಗೂಟಕ್ಕೆ ಹೋಗುತ್ತಿತ್ತು.

ಕೋಟು ನಮ್ಮ ಹೆಂಗಸರ ಮೈಗೆ ಬರುವ ಮೊದಲು ಅವರ ಕೈಗೆ ಬಂದಿತೆಂಬುದು ಈ ಚರಿತ್ರೆಯ ವಿಚಿತ್ರ. ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಬೆಂಗಳೂರು ಸಿದ್ಧ ಉಡುಪಿನ ರಫ್ತಿಗೆ ಹೆಸರಾಯಿತು. 1974ರಿಂದ ಯಾವ ದೇಶ ಎಷ್ಟು ಬಟ್ಟೆ ಕಳಿಸಬಹುದೆಂದು ಪಾಲು ಹಂಚಿದ್ದ ಅಂತರರಾಷ್ಟ್ರೀಯ ಕರಾರು 2005ರ ಜನವರಿಯಲ್ಲಿ ಕೊನೆಗೊಂಡಿತು. ಪೀಣ್ಯ, ಯಶವಂತಪುರ, ಮೈಸೂರು ರಸ್ತೆ, ಹೊಸೂರು ರಸ್ತೆಗಳ ಕಾರ್ಖಾನೆಗಳಲ್ಲಿ ಲಕ್ಷಗಟ್ಟಲೆ ಕೈಗಳು ಹೊಲಿಯುತ್ತಿವೆ. ಅವುಗಳಲ್ಲಿ ಬಹುಪಾಲು ಹೆಂಗಸರವು. ಷರ್ಟು, ಲಂಗ, ಪ್ಯಾಂಟುಗಳ ಜೊತೆಗೆ ಚಳಿದೇಶದ ಕೋಟು, ಜಾಕೆಟ್ಟುಗಳೂ ಇಲ್ಲಿಂದ ಹಡಗು ಹತ್ತುತ್ತವೆ. ಮೇಲೆ ಹೇಳಿದ ಹೆಗಲಪಟ್ಟಿ, ಮುಂಗೈಪಟ್ಟಿ, ಬೆನ್ನ ಪದರ, ಸೊಂಟಪಟ್ಟಿ, ಅದನ್ನು ಹಿಡಿಯುವ ಕುಣಿಕೆ, ಒಳ ಅಸ್ತರಿ, ಇವನ್ನೆಲ್ಲ ಒಬ್ಬ ದರ್ಜಿ ಕೂತು ಹೊಲಿಯುವುದಿಲ್ಲ. ಒಬ್ಬೊಬ್ಬರಿಗೆ ಒಂದೊಂದು ತುಂಡು. ಗಂಟೆಗೆ ಇಷ್ಟು ಎಂಬ ಲೆಕ್ಕ. ಕೋಟು ಯಂತ್ರದಿಂದ ಯಂತ್ರಕ್ಕೆ ಸಾಗುತ್ತ ಸಾಲಿನ ಕೊನೆಯಲ್ಲಿ ಕೋಟಾಗುತ್ತದೆ.

ಬಸ್ ನಿಲ್ದಾಣದಲ್ಲಿದ್ದ ನಮ್ಮ ಬೀದಿಯವರು ಬಹುಕಾಲ ಹೊಲಿದದ್ದು ಸೊಂಟಪಟ್ಟಿಯ ಕುಣಿಕೆಗಳನ್ನು. ‘ಕುಣಿಕೆ ಎಷ್ಟು ಸಾವಿರ ಹಾಕಿದೀನೋ, ಪಟ್ಟಿ ಕಟ್ಟಿಕೊಂಡವರನ್ನ ಇಷ್ಟು ಹತ್ತಿರದಲ್ಲಿ ನೋಡಿರಲಿಲ್ಲ’ ಎಂದರು. ಕೊರಗಿನ ದನಿಯಲ್ಲಿ ಅಲ್ಲ, ಕಸುಬಿನವರ ಕುತೂಹಲದಿಂದ. ಹುಡುಗಿಯ ಕೋಟನ್ನು ಅವರು ನೋಡಿದ ಬಗೆ ನಾನು ನೋಡಿದ ಬಗೆಯಲ್ಲ. ನಾನು ಪತ್ತೇದಾರನನ್ನು ಕಂಡೆ. ಅವರು ಹೊಲಿಗೆಯನ್ನು ಕಂಡರು.

ಈಗಿನ ಹುಡುಗಿಯರು ಇದನ್ನು ತೊಡುವ ಬಗೆಗಳೋ ಹಲವು. ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಕಡೆಯಿಂದ ಸ್ಕೂಟರಿನಲ್ಲಿ ಬರುವವರಲ್ಲಿ, ವಿಮಾನ ನಿಲ್ದಾಣಕ್ಕೆ ಹೋಗುವವರ ತೋಳಿನ ಮೇಲೆ, ಡಿಸೆಂಬರಿನ ಬೆಳಗ್ಗೆ ನಡೆಯುವವರ ಮೈಮೇಲೆ ನಾನು ಕಂಡದ್ದನ್ನು ಹೇಳುತ್ತೇನೆ. ಪಟ್ಟಿಯನ್ನು ಕೊಕ್ಕೆಗೆ ಹಾಕದೆ ಗಂಟು ಕಟ್ಟುವುದು ಸಾಮಾನ್ಯ; ಅದೇ ಚೆಂದ. ಕೆಲವರು ಗುಂಡಿ ಹಾಕದೆ ತೆರೆದುಬಿಟ್ಟು ಕುರ್ತಾದ ಮೇಲೆ ತೊಡುತ್ತಾರೆ. ಹೆಗಲು ಜೋತುಬಿದ್ದು ಅಣ್ಣನ ಕೋಟು ಕೇಳಿ ತಂದಂತೆ ಕಾಣುವ ದೊಗಳೆ ರೀತಿಯೂ ಉಂಟು. ಅದು ಎತ್ತರದವರಿಗೆ ಒಪ್ಪುತ್ತದೆ, ಕುಳ್ಳಗಿನವರನ್ನು ನುಂಗಿಬಿಡುತ್ತದೆ. ಬಣ್ಣದಲ್ಲಿ ಮರಳಿನದಲ್ಲದೆ ಕರಿ, ಪಾಚಿ, ಕಡುನೀಲಿ ಬಂದಿವೆ. ನಮ್ಮ ಕೆಂಧೂಳಿನ ಬೀದಿಗೆ ತಿಳಿ ಬಣ್ಣ ಎಷ್ಟು ದಿನ ತಾಳೀತೆಂಬುದನ್ನು ಒಗೆಯುವವರೇ ಹೇಳಬೇಕು.

ಆದರೆ ಒಂದು ತಕರಾರುಂಟು. ಇಂಗ್ಲೆಂಡಿನ ತುಂತುರು ಬೇರೆ, ನಮ್ಮ ಮಳೆ ಬೇರೆ. ಅಲ್ಲಿಯದು ದಿನವಿಡೀ ಜಿನುಗುವ ತಣ್ಣನೆಯ ನೀರು. ಇಲ್ಲಿ ಸೆಪ್ಟೆಂಬರು, ಅಕ್ಟೋಬರಿನಲ್ಲಿ ಸಂಜೆ ಒಂದು ಗಂಟೆಯೊಳಗೆ ಮುಗಿಲೇ ಕಳಚಿ ಬೀಳುತ್ತದೆ. ಮುಂಚಿನ ಮಧ್ಯಾಹ್ನ ಬಿಸಿಲು. ಅಸ್ತರಿ ಹಾಕಿದ ದಪ್ಪ ಕೋಟಿನೊಳಗೆ ಮನುಷ್ಯ ಬೇಯುತ್ತಾನೆ, ಆಮೇಲೆ ಗ್ಯಾಬರ್ಡಿನ್ ಆ ಜಡಿಮಳೆಗೆ ಸೋಲುತ್ತದೆ. ಆದುದರಿಂದ ಬೆಂಗಳೂರಿಗೆ ಅಸ್ತರಿಯಿಲ್ಲದ ತೆಳು ಹತ್ತಿಯ ಕೋಟು ಸಾಕು, ಕೊಡೆಯನ್ನು ಬಿಡಬಾರದು. ಉದ್ದ ಮಂಡಿಯಿಂದ ಕೆಳಗಿಳಿಯದಿದ್ದರೆ ಒಳಿತು. ಸ್ಕೂಟರ್ ಹತ್ತುವವರು ಸೊಂಟಪಟ್ಟಿಯ ತುದಿಯನ್ನು ಕುಣಿಕೆಯೊಳಗೆ ಸೇರಿಸದೆ ಹೊರಡಬಾರದು. ಚಕ್ರಕ್ಕೆ ಸೆರಗು ಯಾವುದೋ ಪಟ್ಟಿ ಯಾವುದೋ ತಿಳಿಯುವುದಿಲ್ಲ. ಸೀರೆಯ ಮೇಲೆ ತೊಡುವವರು ಸೆರಗನ್ನು ಮುಂದಕ್ಕೆ ತಂದು ಪಟ್ಟಿಯೊಳಗೆ ಸಿಕ್ಕಿಸಿ, ನೆರಿಗೆ ಮಾತ್ರ ಕೆಳಗೆ ಕಾಣುವಂತೆ ಬಿಟ್ಟರೆ ನೋಡಲು ಸೊಗಸು. ಮೈಸೂರು ರೇಷ್ಮೆಯ ಮೇಲೆ ಮರಳುಬಣ್ಣದ ಕೋಟು ತೊಟ್ಟವರೊಬ್ಬರನ್ನು ಕಂಡಾಗ ನಮ್ಮ ಹಳೆಯ ಕೋಟು-ಪಂಚೆಯ ಮಹನೀಯರಿಗೆ ಕಡೆಗೂ ಜೋಡಿ ಸಿಕ್ಕಿತೆನಿಸಿತು. ಹೆಗಲಪಟ್ಟಿಗಳು ಬೇಡವೆನ್ನುವವರು ಬಿಚ್ಚಿಸಬಹುದು. ದರ್ಜೆಯ ಚಿಹ್ನೆ ಯಾರಿಗೂ ಬೇಕಿಲ್ಲ. ಜೇಬಿಗೆ ಮಾತ್ರ ಕೈ ಹಚ್ಚಬೇಡಿ.

ಕೊಳ್ಳುವಾಗ ನೋಡಬೇಕಾದದ್ದನ್ನು ನಾನು ಹೇಳುವುದಕ್ಕಿಂತ ಅಂದು ನಮ್ಮ ಬೀದಿಯವರು ಹುಡುಗಿಗೆ ಹೇಳಿದ್ದನ್ನೇ ಬರೆಯುವುದು ಲೇಸು. ಅವಳ ಅಪ್ಪಣೆ ಕೇಳಿ ಕೋಟಿನ ಅಂಚನ್ನು ಒಳಮಗ್ಗುಲಿಗೆ ತಿರುಗಿಸಿದರು. ಒಳಹೊಲಿಗೆಯ ಅಂಚು ಬಿಚ್ಚದಂತೆ ಪಟ್ಟಿ ಸುತ್ತಿದೆಯೇ ನೋಡಬೇಕಂತೆ. ಸುತ್ತಿದ್ದರೆ ಹತ್ತು ವರ್ಷ ಬಾಳುತ್ತದೆ. ಗುಂಡಿಯ ಹಿಂದೆ ಇನ್ನೊಂದು ಸಣ್ಣ ಗುಂಡಿಯಿದ್ದರೆ ಬಟ್ಟೆ ಹರಿಯುವುದಿಲ್ಲವಂತೆ. ಬೆನ್ನ ಸೀಳಿನ ತುದಿಯಲ್ಲಿ ಒತ್ತೊತ್ತು ಹೊಲಿಗೆ ಇರಬೇಕು. ಕೊನೆಗೆ ಸೊಂಟದ ಎಡಗಡೆಯ ಕುಣಿಕೆಯನ್ನು ಬೆರಳಿನಲ್ಲಿ ಎಳೆದು ನೋಡಿ, ‘ಇದು ಸಡಿಲ ಆಗಿದೆ. ಮನೇಲಿ ಸೂಜಿ ಇದ್ರೆ ಇವತ್ತೇ ನಾಲ್ಕು ಹೊಲಿಗೆ ಹಾಕಿಕೊಮ್ಮ, ಇಲ್ಲದಿದ್ರೆ ಪಟ್ಟಿ ದಾರೀಲಿ ಬೀಳತ್ತೆ’ ಎಂದರು. ಹುಡುಗಿ ತಲೆಯಾಡಿಸಿದಳು. ಅಷ್ಟರಲ್ಲಿ ಯಲಹಂಕದ ಬಸ್ಸು ಬಂದಿತು. ಹೂವಿನವಳು ಕೊಪ್ಪೆ ಸರಿಮಾಡಿಕೊಂಡು ಬುಟ್ಟಿ ಎತ್ತಿ ಮೊದಲು ಹತ್ತಿದಳು. ನಮ್ಮ ಬೀದಿಯವರು ಸೆರಗನ್ನು ತಲೆಗೆಳೆದುಕೊಂಡು ಮಳೆಯಲ್ಲೇ ಮನೆಯ ಕಡೆಗೆ ನಡೆದರು.